ಕೆಂಪು ಅಂದ್ರೆ ಕೋಪ, ನೀಲಿ ಅಂದ್ರೆ ದುಃಖ: ಈ ಪಟ್ಟಿಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಚಿತ್ರ ಬಿಡಿಸುತ್ತೇನೆ, ಕವಿತೆಯನ್ನೂ ಬರೆಯುತ್ತೇನೆ. ಕೆಂಪು ಅಂದ್ರೆ ಕೋಪ, ನೀಲಿ ಅಂದ್ರೆ ದುಃಖ, ಬಿಳಿ ಅಂದ್ರೆ ಶಾಂತಿ, ಹಸಿರು ಅಂದ್ರೆ ಸಮೃದ್ಧಿ ಅಂತ ಮೊದಲಿನಿಂದಲೂ ಕಲಿತಿದ್ದೇನೆ. ಅದೇ ಪ್ರಕಾರ ಬಳಸಿದರೂ ನನ್ನ ಚಿತ್ರ, ಕವಿತೆಗಳಲ್ಲಿ ಭಾವನೆ ಬರುವುದೇ ಇಲ್ಲ. ‘ನೀಲಿ ದುಃಖದಲ್ಲಿ ಮುಳುಗಿದೆ ಮನಸು’ ಅಂತ ಬರೆದರೆ ಗೆಳತಿಯರು ಸಾಲು ಚೆನ್ನಾಗಿದೆ, ಆದರೆ ಏನೂ ಅನಿಸಲ್ಲ ಅಂತಾರೆ. ಬಣ್ಣ ಮತ್ತು ಸಂಕೇತ ನಿಜವಾಗಿ ಭಾವನೆಯನ್ನು ಹೇಗೆ ಮುಟ್ಟಿಸುತ್ತವೆ?

ಉತ್ತರ: ನಿಮ್ಮ ಗೆಳತಿಯರು ಸರಿಯಾಗಿಯೇ ಹೇಳಿದ್ದಾರೆ. ‘ನೀಲಿ’ ಅಂದಿರಿ, ‘ದುಃಖ’ ಅಂತಲೂ ಅಂದಿರಿ. ಎರಡನ್ನೂ ನೀವೇ ಹೇಳಿಬಿಟ್ಟ ಮೇಲೆ ಓದುವವರಿಗೆ ಅಲ್ಲಿ ಮಾಡುವಂಥದ್ದು ಏನೂ ಉಳಿಯಲಿಲ್ಲ. ಆ ಸಾಲಿಗೆ ಆಮೇಲೆ ಬರೋಣ. ಮೊದಲು ನೀವು ಕಲಿತ ಪಟ್ಟಿಯನ್ನು ನೋಡೋಣ.

ಅದು ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಮನೆಗಳ ಒಳಗೇ ಅದು ನಿಲ್ಲುವುದಿಲ್ಲ. ಹಳೆ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಧಾರೆಗೆ ನಿಲ್ಲುವ ಮದುಮಗಳು ಉಡುವುದು ಬಿಳಿ ಸೀರೆ, ಬಣ್ಣದ ಅಂಚಿನದು. ಆ ಬಿಳಿಯನ್ನು ನೋಡಿ ಯಾರಿಗೂ ಸಾವಿನ ಮನೆ ನೆನಪಾಗುವುದಿಲ್ಲ. ಇನ್ನು ಹಿಂದಿನ ಕಾಲದ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿದ ವಿಧವೆಯರು ಉಡುತ್ತಿದ್ದುದು ಕೆಂಪು ಸೀರೆ. ಆ ಕೆಂಪನ್ನು ನೋಡಿ ಯಾರೂ ಮದುವೆಯ ಸಂಭ್ರಮ ಅಂದುಕೊಳ್ಳುತ್ತಿರಲಿಲ್ಲ. ಬಿಳಿ ಸಾವಿಗೆ, ಕೆಂಪು ಮದುವೆಗೆ ಅನ್ನುವ ರೂಢಿಯ ಪ್ರಕಾರ ಎರಡೂ ತಲೆಕೆಳಗು. ನಿಮ್ಮ ಪಟ್ಟಿಯ ಶಾಂತಿ, ಕೋಪವೂ ಇಲ್ಲಿಲ್ಲ.

ಹೇಗೆ ಹೀಗಾಯಿತು? ಮದುಮಗಳ ಬಿಳಿಯ ಪಕ್ಕದಲ್ಲಿ ಏನೇನಿದೆ ನೋಡಿ. ಕೈಯಲ್ಲಿ ಹಸಿರು ಬಳೆ, ಕೆನ್ನೆಯಲ್ಲಿ ಅರಿಶಿನ, ಹಣೆಯಲ್ಲಿ ಕುಂಕುಮ, ಜಡೆಯಲ್ಲಿ ಹೂವು. ಇಷ್ಟು ಬಣ್ಣಗಳ ನಡುವೆ ಬಿಳಿ ಬೆಳಕಾಗುತ್ತದೆ. ಆ ವಿಧವೆಯ ಕೆಂಪಿನ ಪಕ್ಕದಲ್ಲಿ ಏನೂ ಇಲ್ಲ. ಬಳೆ ಇಲ್ಲ, ಹೂವಿಲ್ಲ, ಕೂದಲಿಲ್ಲ. ಹಣೆಯ ಕೆಂಪನ್ನು ಅಳಿಸಿ, ಮೈಗೆ ಕೆಂಪು ಸುತ್ತಿದರು. ಆ ಕೆಂಪು ಮನಸ್ಸನ್ನು ಹಿಂಡುವುದು ಅದರ ಸುತ್ತ ಇರಬೇಕಾದದ್ದು ಇಲ್ಲದೇ ಇರುವುದರಿಂದ.

ನನ್ನ ಉತ್ತರ ಇಷ್ಟೇ, ಉಳಿದದ್ದೆಲ್ಲ ಇದರ ವಿವರ: ಬಣ್ಣ ಒಂಟಿಯಾಗಿ ಮಾತಾಡುವುದಿಲ್ಲ. ಅದು ಯಾವ ವಸ್ತುವಿನ ಮೇಲಿದೆ, ಪಕ್ಕದಲ್ಲಿ ಯಾವ ಬಣ್ಣವಿದೆ, ಇರಬೇಕಾದ ಯಾವ ಬಣ್ಣ ಅಲ್ಲಿಲ್ಲ, ಇವುಗಳಿಂದ ಅದಕ್ಕೆ ಭಾವ ಬರುತ್ತದೆ.

ನೀಲಿಯ ವಿಷಯವನ್ನೂ ಹೇಳಿಬಿಡುತ್ತೇನೆ. ನೀಲಿ ಅಂದ್ರೆ ದುಃಖ ಅನ್ನುವುದು ನಮಗೆ ಇಂಗ್ಲಿಷಿನ ಮೂಲಕ ಬಂದದ್ದು. ನಮ್ಮಲ್ಲಿ ನೀಲಿಗೆ ಬೇರೆಯೇ ಚರಿತ್ರೆ ಇದೆ. ಬಂಗಾಳದ ರೈತರಿಗೆ ಅದು ತೋಟದ ದೊರೆಗಳು ಬಲವಂತದಿಂದ ಬೆಳೆಸಿದ ನೀಲಿ ಗಿಡ. 1859-60ರಲ್ಲಿ ಅಲ್ಲಿ ರೈತರು ತಿರುಗಿಬಿದ್ದರು. 1860ರಲ್ಲಿ ಪ್ರಕಟವಾದ ದೀನಬಂಧು ಮಿತ್ರರ ‘ನೀಲ ದರ್ಪಣ’ ನಾಟಕದಲ್ಲಿ ನೀಲಿ ಅಂದರೆ ದಬ್ಬಾಳಿಕೆ. ಅಂಬೇಡ್ಕರ್ ಅವರ ಚಳವಳಿಯ ಬಾವುಟದಲ್ಲಿ ಅದೇ ನೀಲಿ ಸ್ವಾಭಿಮಾನ. ಕರ್ನಾಟಕದ ಯಾವ ಊರಿನಲ್ಲಿ ಬೇಕಾದರೂ ಏಪ್ರಿಲ್ 14ರ ಮೆರವಣಿಗೆ ನೋಡಿ. ಆ ನೀಲಿಯಲ್ಲಿ ದುಃಖ ಹುಡುಕಿದರೆ ಸಿಗುವುದಿಲ್ಲ.

‘ಹಾಗಾದರೆ ನಮ್ಮ ಹಳಬರೂ ಪಟ್ಟಿ ಮಾಡಿದ್ದಾರಲ್ಲ’ ಅಂತ ನೀವು ಕೇಳಬಹುದು. ಹೌದು, ಮಾಡಿದ್ದಾರೆ. ಭರತನ ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಎಂಟು ರಸಗಳಿಗೂ ಒಂದೊಂದು ಬಣ್ಣ ಇದೆ. ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ (ಬೆಳ್ಳಗಿನ ಮೈಬಣ್ಣ), ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಶಾಂತ ರಸ ಆಮೇಲೆ ಸೇರಿದ್ದು. ನೀವು ಕಲಿತ ಪಟ್ಟಿಗೂ ಇದಕ್ಕೂ ಕೆಂಪು ಬಿಟ್ಟರೆ ಹೆಚ್ಚು ಹೊಂದಾಣಿಕೆ ಇಲ್ಲ. ಪ್ರೀತಿಗೆ ಗುಲಾಬಿ ಅಲ್ಲ, ಮೋಡದ ಕಪ್ಪು. ದುಃಖಕ್ಕೆ ನೀಲಿಯೂ ಅಲ್ಲ, ಕಪ್ಪೂ ಅಲ್ಲ, ಪಾರಿವಾಳದ ಬೂದು. ಎಷ್ಟು ಸೂಕ್ಷ್ಮವಾಗಿ ನೋಡಿದ್ದಾರೆ, ಅಲ್ವಾ? ಅತ್ತು ಅತ್ತು ಸಾಕಾದವರ ಮನಸ್ಸಿಗೆ ಕಪ್ಪಿನಷ್ಟು ಗಟ್ಟಿ ಬಣ್ಣ ಹೊಂದುವುದಿಲ್ಲ. ಬೂದಿಯಂಥದ್ದೇ ಸರಿ.

ಆದರೆ ಅದೇ ಪುಸ್ತಕದ ಎಂಟನೇ ಅಧ್ಯಾಯದಲ್ಲಿ ಭರತ ನಟನ ಮುಖದ ಬಣ್ಣದ ಬಗ್ಗೆ ಹೇಳುತ್ತಾನೆ. ಅದಕ್ಕೆ ಮುಖರಾಗ ಅಂತ ಹೆಸರು. ಸಹಜ, ಪ್ರಸನ್ನ, ಕೆಂಪು, ಕಪ್ಪು ಅಂತ ನಾಲ್ಕು ಬಗೆ. ಅಲ್ಲಿ ಶೃಂಗಾರಕ್ಕೆ ಮುಖ ಪ್ರಸನ್ನವಾಗಿರಬೇಕು. ಕೆಂಪು ಮುಖ ರೌದ್ರಕ್ಕೆ, ವೀರಕ್ಕೆ, ಕುಡಿದ ಅಮಲಿಗೆ, ಜೊತೆಗೆ ಕರುಣಕ್ಕೂ! ಆರನೇ ಅಧ್ಯಾಯದಲ್ಲಿ ಬೂದಾಗಿದ್ದ ದುಃಖ ಇಲ್ಲಿ ಕೆಂಪಾಯಿತು. ಇದು ಮರೆವಲ್ಲ. ಮೊದಲನೆಯದು ರಸದ ಬಣ್ಣ, ಎರಡನೆಯದು ಮೈಯ ಬಣ್ಣ. ಅಳುವವರ ಮುಖ ನೋಡಿದರೆ ಗೊತ್ತಾಗುತ್ತದೆ: ಕಣ್ಣು, ಮೂಗು, ಕಿವಿ ಎಲ್ಲ ಕೆಂಪು. ಕೋಪಗೊಂಡವರ ಮುಖವೂ ಕೆಂಪು. ಈ ಎರಡು ಕೆಂಪನ್ನು ಬೇರೆ ಮಾಡುವುದು ಹುಬ್ಬು, ತುಟಿ, ದನಿ, ಅಂದರೆ ಬಣ್ಣದ ಸುತ್ತ ಇರುವುದು. ಪಟ್ಟಿ ಕೊಟ್ಟ ಭರತನೇ ಪಟ್ಟಿಯೊಂದನ್ನೇ ನೆಚ್ಚಿ ಕೂರಲಿಲ್ಲ.

ಇನ್ನು ಚಿತ್ರಕ್ಕೆ ಬರೋಣ. ಪ್ಯಾರಿಸ್‌ನ ಗೋಬೆಲಿನ್ಸ್ ಅನ್ನುವ ಹೆಸರಾಂತ ನೇಯ್ಗೆ ಕಾರ್ಖಾನೆಯಲ್ಲಿ ಮಿಶೆಲ್ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಕಪ್ಪು ಬಣ್ಣ ಸರಿಯಾಗಿ ಕಪ್ಪಾಗಿ ಕಾಣುತ್ತಿಲ್ಲ ಅಂತ ದೂರು ಬಂತು. ಅವರು ಪರೀಕ್ಷೆ ಮಾಡಿ ನೋಡಿದರೆ ದೋಷ ಬಣ್ಣದಲ್ಲಿ ಇರಲೇ ಇಲ್ಲ, ಪಕ್ಕದ ನೂಲಿನಲ್ಲಿತ್ತು. ನೀಲಿಯ ಪಕ್ಕ ನೇಯ್ದ ಕಪ್ಪು ಕಳೆಗುಂದಿದ ಹಾಗೆ ಕಾಣುತ್ತಿತ್ತು, ಅಷ್ಟೇ. ಇದರ ಹಿಂದೆ ಬಿದ್ದು ಅವರು 1839ರಲ್ಲಿ ಬಣ್ಣಗಳು ಒಂದರ ಮೇಲೊಂದು ಬೀರುವ ಪ್ರಭಾವದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಮುಂದಿನ ಫ್ರೆಂಚ್ ಚಿತ್ರಕಾರರ ಕೆಲಸದ ಮೇಲೆ ಅದರ ಪ್ರಭಾವ ದೊಡ್ಡದು.

ಕೆಂಪು ಹಸಿರಿನ ಜೋಡಿ ಅವರಲ್ಲಿ ಮುಖ್ಯವಾದದ್ದು. ಕೆಂಪನ್ನು ಸ್ವಲ್ಪ ಹೊತ್ತು ದಿಟ್ಟಿಸಿ ಬಿಳಿ ಹಾಳೆ ನೋಡಿ, ಹಸಿರು ಛಾಯೆ ಕಾಣುತ್ತದೆ. ಕಣ್ಣೇ ಅದನ್ನು ತಂದುಕೊಡುತ್ತದೆ. ಹಾಗಾಗಿ ಎರಡನ್ನೂ ಗಾಢವಾಗಿ ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಎತ್ತಿಕೊಡುತ್ತವೆ. ಅಂಚು ನಡುಗಿದ ಹಾಗೆ ಕಾಣುತ್ತದೆ. ನೋಡುವವರಿಗೆ ನೆಮ್ಮದಿ ಇರುವುದಿಲ್ಲ.

ಡಚ್ ಚಿತ್ರಕಾರ ವ್ಯಾನ್ ಗೋ ಇದನ್ನು ಹೇಗೆ ಬಳಸಿದ ನೋಡಿ. ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನಲ್ಲಿ 1888ರ ಸೆಪ್ಟೆಂಬರಿನಲ್ಲಿ ಅವನು ರಾತ್ರಿಯಿಡೀ ತೆರೆದಿರುವ ಒಂದು ಕೆಫೆಯ ಒಳಗನ್ನು ಚಿತ್ರಿಸಿದ. ಮೂರು ರಾತ್ರಿ ಎಚ್ಚರವಿದ್ದು, ಹಗಲು ಮಲಗಿ ಮಾಡಿದ ಕೆಲಸ. ಗೋಡೆ ಪೂರ್ತಿ ರಕ್ತದ ಕೆಂಪು. ಚಾವಣಿ ಹಸಿರು. ನಡುವೆ ಹಸಿರು ಹಾಸಿನ ಬಿಲಿಯರ್ಡ್ಸ್ ಮೇಜು, ಅದರ ಕೆಳಗೆ ದಟ್ಟ ನೆರಳು. ಮೇಲೆ ನಾಲ್ಕು ದೀಪ, ಸುತ್ತ ಹಳದಿ ಹಸಿರಿನ ಪ್ರಭೆ. ಗೋಡೆಗೆ ಒತ್ತಿಕೊಂಡ ಮೇಜುಗಳ ಮೇಲೆ ಕೆಲವರು ಕುಸಿದು ಕೂತಿದ್ದಾರೆ. ಗಡಿಯಾರದಲ್ಲಿ ನಡುರಾತ್ರಿ ಮೀರಿದೆ. ಮನುಷ್ಯರ ಭಯಂಕರ ಆವೇಗಗಳನ್ನು ಕೆಂಪು ಮತ್ತು ಹಸಿರಿನಲ್ಲಿ ಹೇಳಲು ನೋಡಿದ್ದೇನೆ ಅಂತ ತಮ್ಮ ಥಿಯೋಗೆ ಬರೆದ. ಮನುಷ್ಯ ಹಾಳಾಗುವ, ಹುಚ್ಚನಾಗುವ, ಅಪರಾಧ ಮಾಡುವ ಜಾಗ ಅದು ಅಂತಲೂ ಬರೆದ. ಯಾರ ಮುಖದಲ್ಲೂ ಹುಚ್ಚಿಲ್ಲ, ಯಾರ ಕೈಯಲ್ಲೂ ಚೂರಿಯಿಲ್ಲ. ಭಯ ಇರುವುದು ಗೋಡೆಯ ಕೆಂಪು ಚಾವಣಿಯ ಹಸಿರನ್ನು ಮುಟ್ಟುವ ಗೆರೆಯಲ್ಲಿ. ನಿಮ್ಮ ಪಟ್ಟಿಯಲ್ಲಿ ಹಸಿರು ಸಮೃದ್ಧಿ. ಇಲ್ಲಿ ಹಸಿರು ಇರುವುದರಿಂದಲೇ ಕೆಂಪು ಅಷ್ಟು ಕ್ರೂರವಾಗಿದೆ.

ಮುಂದಿನ ತಿಂಗಳು, ಅಕ್ಟೋಬರಿನಲ್ಲಿ, ಅದೇ ಮನುಷ್ಯ ಅದೇ ಊರಿನಲ್ಲಿ ತನ್ನ ಮಲಗುವ ಕೋಣೆಯನ್ನು ಚಿತ್ರಿಸಿದ. ಈ ಸಲ ಬೇಕಾಗಿದ್ದು ಸಂಪೂರ್ಣ ವಿಶ್ರಾಂತಿ. ಬಣ್ಣ ಯಾವುವು? ಹೊದಿಕೆ ಕಡುಗೆಂಪು. ಕಿಟಕಿ ಹಸಿರು. ಮಂಚ ಹೊಸ ಬೆಣ್ಣೆಯ ಹಳದಿ. ಮತ್ತೆ ಅದೇ ಕೆಂಪು, ಅದೇ ಹಸಿರು! ಆದರೆ ಇಲ್ಲಿ ಕೆಂಪು ಗೋಡೆಯಾಗಿ ನಿಮ್ಮನ್ನು ಸುತ್ತುವರಿದಿಲ್ಲ, ಮಂಚದ ಮೇಲೆ ಮಡಚಿಕೊಂಡಿದೆ. ಹಸಿರು ದೂರದಲ್ಲಿದೆ, ಚಿಕ್ಕದಾಗಿದೆ. ನಡುವೆ ತೆಳು ನೇರಳೆ ಗೋಡೆ, ಹಳದಿ ಮರ. ನೆರಳನ್ನು ಬೇಕಂತಲೇ ಬಿಟ್ಟಿದ್ದಾನೆ. ಜಗಳ ಆಡುವ ಎರಡು ಬಣ್ಣಗಳನ್ನು ದೂರ ಕೂರಿಸಿದ್ದಾನೆ. ಒಂದೇ ಜೋಡಿಯಿಂದ ಸೆಪ್ಟೆಂಬರಿನಲ್ಲಿ ಭಯ, ಅಕ್ಟೋಬರಿನಲ್ಲಿ ನಿದ್ದೆ.

ಒಂದು ಎಚ್ಚರಿಕೆ ಕೂಡ. ಈಗ ಈ ಚಿತ್ರ ನೋಡಿದರೆ ಗೋಡೆ ನೀಲಿಯಾಗಿ ಕಾಣುತ್ತದೆ. ಅವನು ಕಾಗದದಲ್ಲಿ ಬರೆದದ್ದು ತೆಳು ನೇರಳೆ. ನೇರಳೆಯಲ್ಲಿದ್ದ ಕೆಂಪು ಅಂಶ ವರ್ಷ ಕಳೆದಂತೆ ಮಾಸಿಹೋಗಿ ನೀಲಿ ಉಳಿದುಕೊಂಡಿದೆ. ‘ನೀಲಿ ಗೋಡೆ ಕಲಾವಿದನ ದುಃಖವನ್ನು ತೋರಿಸುತ್ತದೆ’ ಅಂತ ಯಾರಾದರೂ ಬರೆದಿದ್ದರೆ, ಅವರು ಮಾಸಿದ ಬಣ್ಣವನ್ನು ಓದಿದ್ದಾರೆ.

ನಮ್ಮ ಪಕ್ಕದ ಕೇರಳದ ಕಥಕಳಿಯಲ್ಲಿ ಇದೇ ಜೋಡಿಗೆ ಇನ್ನೊಂದು ಕೆಲಸ. ಅಲ್ಲಿ ಧರ್ಮರಾಯ, ನಳ, ಕೃಷ್ಣರಂಥವರ ಮುಖ ಹಸಿರು. ರಾವಣನ ಮುಖವನ್ನು ಸರಿಯಾಗಿ ನೋಡಿ. ಅದೂ ಮೂಲದಲ್ಲಿ ಹಸಿರೇ. ಆ ಹಸಿರಿನ ಮೇಲೆ ಕೆನ್ನೆಯಲ್ಲಿ ಕತ್ತಿಯ ಆಕಾರದ ಕೆಂಪು, ಮೂಗಿನ ತುದಿಯಲ್ಲಿ, ಹಣೆಯಲ್ಲಿ ಬಿಳಿ ಉಂಡೆ. ಹುಟ್ಟಿನ ಘನತೆ ಹಾಗೇ ಇದೆ, ಅದರೊಳಗೆ ಕೆಂಪು ಹೊಕ್ಕಿದೆ. ಬರೀ ಕೆಂಪು ಬಳಿದಿದ್ದರೆ ಅವನು ಕೆಟ್ಟವನು ಮಾತ್ರ ಆಗುತ್ತಿದ್ದ. ಹಸಿರು ಉಳಿಸಿದ್ದರಿಂದ ಅವನ ಮೇಲೆ ಮರುಕ ಹುಟ್ಟುತ್ತದೆ. ನನಗಂತೂ ಬಣ್ಣದಲ್ಲಿ ಒಬ್ಬ ಮನುಷ್ಯನ ಸ್ವಭಾವ ಹೇಳಿದ್ದರಲ್ಲಿ ಇದಕ್ಕಿಂತ ಚೆನ್ನಾದದ್ದು ಇನ್ನೊಂದಿಲ್ಲ. ಕರಾವಳಿಯ ಯಕ್ಷಗಾನದ ಬಣ್ಣದ ವೇಷವನ್ನು (ರಾಕ್ಷಸ ಪಾತ್ರದ ವೇಷ) ಚೌಕಿಯಲ್ಲೇ, ಅಂದರೆ ಬಣ್ಣ ಹಚ್ಚುವ ಜಾಗದಲ್ಲೇ, ಕೂತು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಯಾವ ಬಣ್ಣದ ಪಕ್ಕ ಯಾವುದು ಬರುತ್ತದೆ ಅನ್ನುವುದನ್ನೇ ಗಮನಿಸಿ.

ಸಾಹಿತ್ಯದಲ್ಲಿ ಕಷ್ಟ ಜಾಸ್ತಿ. ಕವಿಯ ಕೈಯಲ್ಲಿ ಬಣ್ಣವೇ ಇಲ್ಲ, ಬಣ್ಣದ ಹೆಸರು ಮಾತ್ರ ಇದೆ. ‘ಕೆಂಪು’ ಅಂತ ಬರೆದರೆ ಹಾಳೆ ಕೆಂಪಾಗುವುದಿಲ್ಲ. ಓದುವವರ ತಲೆಯಲ್ಲಿ ಅದು ಹೊತ್ತಿಕೊಳ್ಳಬೇಕು.

ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ಬರೆದ ರನ್ನನ ಗದಾಯುದ್ಧ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಡಗಿದ್ದಾನೆ. ಭೀಮ ದಡದಲ್ಲಿ ನಿಂತು ಆರ್ಭಟಿಸುತ್ತಾನೆ. ಆಗ ಬರುವ ಪದ್ಯ: ‘ಆ ರವಮಂ ನಿರ್ಜಿತ ಕಂಠೀರವರವಮಂ ನಿರಸ್ತ ಘನರವಮಂ ಕೋಪಾರುಣನೇತ್ರಂ ಕೇಳ್ದಾ ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಸಿಂಹದ ಗರ್ಜನೆಯನ್ನೂ ಗುಡುಗನ್ನೂ ಮೀರಿಸಿದ ಆ ಕೂಗನ್ನು ಕೇಳಿ, ಕೋಪದಿಂದ ಕಣ್ಣು ಕೆಂಪಾದ ದುರ್ಯೋಧನ ನೀರೊಳಗಿದ್ದೂ ಬೆವೆತ.

ಇದರಲ್ಲಿ ಬಣ್ಣದ ಮಾತು ಒಂದೇ: ಕೆಂಪು ಕಣ್ಣು. ಅದೇನೂ ಹೊಸದಲ್ಲ. ಕೋಪಕ್ಕೆ ಕೆಂಪು ಕಣ್ಣು ಅಂತ ರನ್ನನಿಗಿಂತ ಮೊದಲು ಎಷ್ಟೋ ಕವಿಗಳು ಬರೆದಿದ್ದರು. ಪಟ್ಟಿಯಲ್ಲಿದ್ದ ಬಣ್ಣವೇ. ಹಾಗಾದರೆ ಸಾವಿರ ವರ್ಷ ಆದರೂ ಈ ಪದ್ಯ ಯಾಕೆ ಮೈ ಜುಮ್ಮೆನಿಸುತ್ತದೆ? ರನ್ನ ಆ ಕೆಂಪನ್ನು ಎಲ್ಲಿಟ್ಟ ನೋಡಿ. ತಣ್ಣನೆ ನೀರಿನ ಒಳಗೆ. ಸುತ್ತ ನೀರಿನ ಕತ್ತಲು, ಅದರ ನಡುವೆ ಎರಡು ಕೆಂಪು ಕಣ್ಣು. ಅದರ ಪಕ್ಕದಲ್ಲೇ ಬೆವರು. ನೀರಿನಲ್ಲಿ ಬೆವರು ಯಾರ ಕಣ್ಣಿಗೂ ಕಾಣುವುದಿಲ್ಲ, ದಡದಲ್ಲಿರುವ ಭೀಮನಿಗೂ ಕಾಣುವುದಿಲ್ಲ. ಓದುವ ನಮಗೆ ಮಾತ್ರ ಗೊತ್ತು. ಅವನ ಮೈಯ ಬಿಸಿ ನಮಗೆ ತಟ್ಟುವುದು ಅಲ್ಲಿ. ಇನ್ನು ‘ಉರಗಪತಾಕ’, ಹಾವಿನ ಬಾವುಟದವನು. ಅದು ಅವನ ಬಿರುದು, ಎಲ್ಲಿ ಬೇಕಾದರೂ ಬಳಸಬಹುದಿತ್ತು. ನೀರೊಳಗೆ ಅಡಗಿ, ಕೆಣಕಿಸಿಕೊಂಡು, ಕಣ್ಣು ಕೆಂಪಾಗಿಸಿಕೊಂಡವನಿಗೆ ಇಲ್ಲಿ ಬಳಸಿದಾಗ ಬಾವುಟದ ಹಾವು ನಿಜವಾದ ಹಾವಾಯಿತು. ಸಂಕೇತ ಕೆಲಸ ಮಾಡುವುದು ಹೀಗೆ. ಮೊದಲೇ ಇದ್ದ ವಸ್ತು ಸರಿಯಾದ ಜಾಗದಲ್ಲಿ ಕೂತಾಗ ತಾನಾಗಿ ದೊಡ್ಡದಾಗುತ್ತದೆ.

‘ಪಕ್ಕದ ಬಣ್ಣವೇ ಇಲ್ಲದ ಕವಿತೆ ಇಲ್ವಾ?’ ಇದೆ. ಕುವೆಂಪು ಅವರ ‘ಹಸುರು’ ತೆಗೆದುಕೊಳ್ಳಿ. ಅಲ್ಲಿ ಕಾಡು, ಗದ್ದೆ ಹಸಿರು ಅನ್ನುವುದು ಸಹಜ. ಆದರೆ ಆಕಾಶ ಹಸಿರು, ಮುಗಿಲು ಹಸಿರು, ಸಂಜೆಯ ಬಿಸಿಲೂ ಹಸಿರು. ಹೂವಿನ ಕಂಪು, ಗಾಳಿಯ ತಂಪು, ಹಕ್ಕಿಯ ಕೊರಲಿಂಪು, ಎಲ್ಲ ಹಸಿರು. ಬೇರೆ ಬಣ್ಣವನ್ನೇ ಕಾಣೆ ಅಂತ ಕವಿಯೇ ಹೇಳಿಬಿಡುತ್ತಾರೆ. ನನ್ನ ಮಾತಿಗೆ ಇದು ಎದುರು ಸಾಕ್ಷಿ ಅನಿಸಬಹುದು. ಆದರೆ ಕೊನೆಯ ನುಡಿಯಲ್ಲಿ ಇರುವ ‘ಹಸುರ್ನೆತ್ತರ್’ ಅನ್ನುವುದನ್ನು ನೋಡಿ. ಮೈಯೊಳಗಿನ ನೆತ್ತರು ಹಸಿರಾಗಿದೆ. ಕೆಂಪು ಅನ್ನುವ ಪದ ಅಲ್ಲಿಲ್ಲ. ಆದರೂ ನೆತ್ತರು ಅಂದ ಕೂಡಲೇ ನಮ್ಮ ತಲೆಯಲ್ಲಿ ಕೆಂಪು ಬಂದೇ ಬರುತ್ತದೆ, ಬಂದ ಕೂಡಲೇ ಹಸಿರು ಅದನ್ನು ನುಂಗುತ್ತದೆ. ಇರಬೇಕಾದ ಬಣ್ಣ ಅಲ್ಲಿಲ್ಲ ಅಂತ ಮೇಲೆ ಹೇಳಿದೆನಲ್ಲ, ಅದು ಇದೇ. ಕಾಡಿಗೂ ತನಗೂ ನಡುವೆ ಗೆರೆ ಅಳಿಸಿಹೋಯಿತು ಅಂತ ಹೇಳಲು ಅವರು ಆನಂದ, ಪರವಶ ಅಂತೆಲ್ಲ ಬರೆಯಲಿಲ್ಲ. ರಕ್ತದ ಬಣ್ಣ ಬದಲಾಯಿಸಿದರು.

ಇನ್ನೊಂದು ಉದಾಹರಣೆ ನಮ್ಮ ಜನಪದದ್ದು. ಭಾಗ್ಯದ ಬಳೆಗಾರನನ್ನು ತವರಿಗೆ ಹೋಗಿ ಬಾ ಅನ್ನುವ ಹಾಡು ನಿಮಗೂ ಬಾಯಿಗೆ ಬರುತ್ತದೆ. ಗಂಡನ ಮನೆಯಲ್ಲಿರುವ ಹೆಣ್ಣುಮಗಳು ದಾರಿ ಹೇಳುತ್ತಾಳೆ. ಬಾಳೆ ಬಲಕ್ಕೆ ಬಿಡು, ಸೀಬೆ ಎಡಕ್ಕೆ ಬಿಡು ಅಂತಾಳೆ. ಹಂಚಿನ ಮನೆ, ಕಂಚಿನ ಕದ, ಗಿಳಿ, ಆಲೆಮನೆ, ಗಾಣ ಎಲ್ಲ ಹೇಳಿ, ಪಗಡೆ ಆಡುತ್ತಿರುವ ತಾಯಿಯ ಗುರುತೂ ಹೇಳುತ್ತಾಳೆ. ಆಮೇಲೆ ‘ಅಚ್ಚ ಕೆಂಪಿನ ಬಳೆ, ಹಸಿರು ಗೀರಿನ ಬಳೆ’, ಅದು ಹಡೆದವ್ವನಿಗೆ ಬಲು ಆಸೆ, ತಗೊಂಡು ಹೋಗು ಅಂತಾಳೆ.

ಮತ್ತೆ ಕೆಂಪು, ಮತ್ತೆ ಹಸಿರು. ಆರ್ಲ್‌ನ ಕೆಫೆಯಲ್ಲಿ ಭಯ ಹುಟ್ಟಿಸಿದ ಅದೇ ಜೋಡಿ ಇಲ್ಲಿ ತವರಿನ ಹಂಬಲ. ‘ಅವ್ವನ ನೆನಪಾಗುತ್ತದೆ’ ಅಂತ ಅವಳು ಹಾಡಿನಲ್ಲಿ ಎಲ್ಲೂ ಹೇಳುವುದಿಲ್ಲ. ಯಾವ ಬಣ್ಣದ ಮೇಲೆ ಯಾವ ಬಣ್ಣದ ಗೀರು ಇದ್ದರೆ ಅವ್ವನಿಗೆ ಇಷ್ಟ ಅನ್ನುವುದು ಗೊತ್ತು, ಅಷ್ಟೇ. ಅಷ್ಟು ಗೊತ್ತಿರುವುದೇ ಪ್ರೀತಿ. ಬಳೆ ಮುತ್ತೈದೆತನದ ಸಂಕೇತ ಅಂತ ಪರೀಕ್ಷೆಯಲ್ಲಿ ಬರೆದರೆ ಅಂಕ ಬರಬಹುದು. ಹಾಡಿನಲ್ಲಿ ಅದು ಮೊದಲು ಬಳೆ, ಬಳೆಗಾರನ ಮಲಾರದಲ್ಲಿ ಸಿಗುವ, ಅವ್ವನ ಕೈಗೆ ಹೋಗಬೇಕಾದ ಗಾಜಿನ ಬಳೆ. ಮೊದಲು ವಸ್ತುವಾಗದ್ದು ಸಂಕೇತವೂ ಆಗುವುದಿಲ್ಲ.

ಈಗ ನಿಮ್ಮ ಸಾಲಿಗೆ ಬರುತ್ತೇನೆ. ‘ನೀಲಿ ದುಃಖದಲ್ಲಿ ಮುಳುಗಿದೆ ಮನಸು’. ಇದರಲ್ಲಿ ವಸ್ತು ಇಲ್ಲ. ನೀಲಿ ಏನು? ಸೀರೆಯಾ, ಇಂಕಾ, ಬಕೆಟ್ಟಾ, ಗೋಡೆಯಾ? ಮೊದಲು ‘ದುಃಖ’ ಮತ್ತು ‘ಮನಸು’ ಎರಡನ್ನೂ ತೆಗೆಯಿರಿ. ಆಮೇಲೆ ಆ ದಿನ ನಿಜವಾಗಿ ನಿಮ್ಮ ಕಣ್ಣಿಗೆ ಬಿದ್ದ ಬಣ್ಣ ಯಾವುದು ಅಂತ ನೆನೆಸಿಕೊಳ್ಳಿ. ಅದು ನೀಲಿಯೇ ಆಗಬೇಕಾಗಿಲ್ಲ. ಸಾವಿನ ಮನೆಯ ಅಂಗಳದಲ್ಲಿ ಬಾಡಿಗೆಗೆ ತಂದು ಹಾಕಿದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳಿರಬಹುದು. ಹಾಸ್ಟೆಲಿಗೆ ಹೊರಟ ದಿನ ಅಮ್ಮ ಕಟ್ಟಿಕೊಟ್ಟ ಡಬ್ಬಿಯ ಹಳದಿ ಮುಚ್ಚಳವಿರಬಹುದು. ಆ ವಸ್ತುವನ್ನೂ ಬಣ್ಣವನ್ನೂ ಬರೆಯಿರಿ, ಪಕ್ಕದಲ್ಲಿದ್ದ ಇನ್ನೊಂದು ಬಣ್ಣವನ್ನೂ ಬರೆಯಿರಿ, ಅಲ್ಲಿಗೆ ನಿಲ್ಲಿಸಿ. ವಿವರಣೆ ಕೊಡುವ ಆಸೆ ಆಗುತ್ತದೆ. ಕೊಡಬೇಡಿ.

ಚಿತ್ರಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಮೂರು ಹಾಳೆಯ ನಡುವೆ ಒಂದೇ ಬಾಟಲಿಯ ಕೆಂಪನ್ನು ರೂಪಾಯಿ ನಾಣ್ಯದಷ್ಟು ಅಗಲ ಹಚ್ಚಿ. ಒಂದರ ಸುತ್ತ ಗಾಢ ಹಸಿರು, ಇನ್ನೊಂದರ ಸುತ್ತ ಬೂದು, ಮತ್ತೊಂದರ ಸುತ್ತ ತೆಳು ಹಳದಿ ತುಂಬಿ. ಒಣಗಿದ ಮೇಲೆ ಗೋಡೆಗೆ ಸಾಲಾಗಿ ಅಂಟಿಸಿ ದೂರದಿಂದ ನೋಡಿ. ಮೂರೂ ಬೇರೆ ಬೇರೆ ಕೆಂಪಾಗಿ ಕಾಣುತ್ತವೆ. ಯಾವುದರ ಎದುರು ಏನನಿಸಿತು ಅಂತ ಹಾಳೆಯ ಹಿಂದೆ ಒಂದು ಸಾಲು ಬರೆದಿಡಿ. ಆಮೇಲೆ ನಾಣ್ಯದ ಜಾಗದಲ್ಲಿ ಅದೇ ಅಳತೆಯ ನೀಲಿ ಹಾಕಿ ಮತ್ತೆ ಮಾಡಿ. ಇದಕ್ಕೆ ದುಬಾರಿ ಬಣ್ಣ ಬೇಡ, ಸ್ಟೇಷನರಿ ಅಂಗಡಿಯ ಪೋಸ್ಟರ್ ಕಲರ್ ಸಾಕು.